ತಳಿಯೊಂದೇ ನೂಲು ಕೊಡುವುದಿಲ್ಲ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಬೆಳೆ ಕೈಕೊಟ್ಟರೆ ಮೊಟ್ಟೆಗೆ ದೂರು, ಗೂಡು ಚೆನ್ನಾಗಿ ಕಟ್ಟಿದರೆ ತಳಿಗೆ ಹೊಗಳಿಕೆ. ಇದೇ ನಂಬಿಕೆ ಮನುಷ್ಯರ ಮೇಲೆ ಹೊರಳಿದಾಗ ‘ಅವನ ರಕ್ತದಲ್ಲೇ ಇದೆ’ ಎಂಬ ತೀರ್ಪಾಗುತ್ತದೆ. ವಂಶವಾಹಿ ಇದ್ದ ಮೇಲೆ ಗುಣ ಬಂದೇ ತೀರುತ್ತದೆ ಎಂಬ ಈ ತಿಳಿವಳಿಕೆ ತಪ್ಪು. ಅದನ್ನು ತೋರಿಸಲು ರೇಷ್ಮೆ ಹುಳುವೇ ಸಾಕು.

ರೇಷ್ಮೆ ಎಳೆಯ ಮುಖ್ಯ ಪ್ರೋಟೀನು ಫೈಬ್ರಾಯಿನ್. ಅದರ ವಂಶವಾಹಿ ಹುಳುವಿನ ಚರ್ಮ, ಕರುಳು, ಸ್ನಾಯುಗಳ ಡಿಎನ್‌ಎಯಲ್ಲೂ ಇದೆ. ಆದರೆ ಫೈಬ್ರಾಯಿನ್ ತಯಾರಾಗುವುದು ರೇಷ್ಮೆ ಗ್ರಂಥಿಯ ಹಿಂಭಾಗದಲ್ಲಿ. ಎಳೆಗೆ ಅಂಟಾಗುವ ಸೆರಿಸಿನ್ ನಡುಭಾಗದಲ್ಲಿ. 1972ರಲ್ಲಿ ಯೊಶಿಯಾಕಿ ಸುಜುಕಿ ಮತ್ತು ಡೊನಾಲ್ಡ್ ಬ್ರೌನ್ ಈ ಗ್ರಂಥಿಯಿಂದ ಫೈಬ್ರಾಯಿನ್‌ನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿದರು. ಗ್ರಂಥಿಯು ಈ ಒಂದು ವಂಶವಾಹಿಯನ್ನಷ್ಟೇ ವಿಶೇಷವಾಗಿ ಹೆಚ್ಚಿಸಿಕೊಂಡಿಲ್ಲ ಎಂಬುದೂ ಅವರ ತಂಡಕ್ಕೆ ಕಂಡಿತು. ವ್ಯತ್ಯಾಸವಿದ್ದದ್ದು ಅದರ ಬಳಕೆಯಲ್ಲಿ. ಒಂದು ಪ್ರತಿಯಿಂದ ಸುಮಾರು 10,000 ಆರ್‌ಎನ್‌ಎ, ಒಂದೊಂದು ಆರ್‌ಎನ್‌ಎಯಿಂದ ಸುಮಾರು 1,00,000 ಪ್ರೋಟೀನು ಅಣು: ನಾಲ್ಕೇ ದಿನಗಳಲ್ಲಿ ನೂರು ಕೋಟಿ. ಹುಳು ಪೊರೆ ಕಳಚಲು ‘ಜ್ವರ’ಕ್ಕೆ ಕೂತಾಗ ಈ ಕೆಲಸ ನಿಲ್ಲುತ್ತದೆ. ಜ್ವರದಿಂದೆದ್ದು ಸೊಪ್ಪು ಮೇಯತೊಡಗಿದಾಗ ಮತ್ತೆ ಶುರುವಾಗುತ್ತದೆ. ವಂಶವಾಹಿ ಎಲ್ಲೂ ಹೋಗಿರಲಿಲ್ಲ. ಅದು ಯಾವಾಗ, ಎಲ್ಲಿ ದುಡಿಯಬೇಕೆಂಬ ಅಪ್ಪಣೆ ಬೇರೆ ಕಡೆಯಿಂದ ಬರುತ್ತದೆ.

ಹಾಗಾದರೆ ತಳಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಮೈಸೂರು ತಳಿಗೆ ದ್ವಿತಳಿಯನ್ನು (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಕೂಡಿಸಿದ ಮಿಶ್ರತಳಿಯ ಗೂಡಿನಿಂದಲೇ ಮತ್ತೆ ಮೊಟ್ಟೆ ಮಾಡಿಕೊಂಡರೆ ಗುಣಗಳು ಚದುರುತ್ತವೆ. ರೈತರು ಪ್ರತಿ ಬೆಳೆಗೂ ಹೊಸ ಮೊಟ್ಟೆ ತರುವುದು ಅದಕ್ಕೇ. ಆದರೆ ಅದೇ ದ್ವಿತಳಿಯನ್ನು ನೋಡಿ. 25 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಕಾವು ಪಡೆದ ಮೊಟ್ಟೆಯಿಂದ ಬೆಳೆದ ಹೆಣ್ಣು ಚಿಟ್ಟೆ ಇಡುವ ಮೊಟ್ಟೆಗಳು ತಿಂಗಳುಗಟ್ಟಲೆ ನಿದ್ರಿಸುತ್ತವೆ. 15 ಡಿಗ್ರಿಯ ಕತ್ತಲಲ್ಲಿ ಕಾವು ಪಡೆದಿದ್ದರೆ, ಅದರ ಮೊಟ್ಟೆಗಳು ನಿದ್ರೆಗೆ ಹೋಗದೆ ಮರಿಯಾಗುತ್ತವೆ. ತಳಿ ಬದಲಾಗಿಲ್ಲ, ತಾಯಿ ಭ್ರೂಣವಾಗಿದ್ದಾಗ ಸಿಕ್ಕ ಶಾಖ ಮತ್ತು ಬೆಳಕು ಬದಲಾಗಿವೆ.

ಬೆಳೆ ಹೋದಾಗ ಮೊಟ್ಟೆಯನ್ನಷ್ಟೇ ದೂರಿ ಸುಮ್ಮನಾದರೆ, ಎಳೆ ಹುಳು ಸಾಕುವ ಚಾಕಿ ಮನೆಯ ಶಾಖ, ತೇವ, ಸೊಪ್ಪಿನ ಎಳಸು, ರೋಗದ ಸೋಂಕು ಯಾವುದನ್ನೂ ತಿದ್ದಿಕೊಳ್ಳಲಾಗುವುದಿಲ್ಲ. ಮಕ್ಕಳ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. ಓದಿನಲ್ಲಿ ಹಿಂದುಳಿದ ಮಗುವಿಗೆ ಊಟ, ನಿದ್ದೆ, ಪಾಠ ಸರಿಯಾಗಿ ಸಿಕ್ಕಿದೆಯೇ ಎಂದು ವಿಚಾರಿಸುವ ಮೊದಲೇ ‘ವಂಶವೇ ಹಾಗೆ’ ಎನ್ನುವವರು ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತಿದ್ದಾರೆ. ಅವರ ಪರವಾಗಿ ವಿಜ್ಞಾನ ಸಾಕ್ಷಿ ಹೇಳುವುದಿಲ್ಲ.