ಹಾಸುಗಲ್ಲಿನ ಹುಲಿಮನೆ

ಹಂಪಿಗೆ ಹೋದವರ ಕಣ್ಣು ಸಾಮಾನ್ಯವಾಗಿ ಮೇಲಕ್ಕೇ ಇರುತ್ತದೆ. ವಿರೂಪಾಕ್ಷನ ಗೋಪುರ, ವಿಠ್ಠಲ ಗುಡಿಯ ಕಂಬಗಳು. ನನ್ನ ಕಣ್ಣು ನೆಲ ಹುಡುಕುತ್ತದೆ. ಮಂಟಪದ ಜಗಲಿ, ಹೆಬ್ಬಾಗಿಲ ಪಕ್ಕದ ಕಟ್ಟೆ, ದಾರಿಬದಿಯ ಹಾಸುಬಂಡೆ, ಅಲ್ಲಲ್ಲಿ ಯಾರೋ ಆಟದ ಮನೆಗಳನ್ನು ಕೊರೆದಿದ್ದಾರೆ. ಕಾವಲು ಕೂತವರಿಗೂ ಬಿಸಿಲಿಗೆ ಬಳಲಿ ಬಂದವರಿಗೂ ಹೊತ್ತು ಕಳೆಯಬೇಕಿತ್ತಲ್ಲ!

ಲೋಕಾಪುರದ ಕಡೆಯವರಾದ ನಮಗೆ ಇವುಗಳ ಗುರುತು ಯಾರೂ ಹೇಳಿಕೊಡಬೇಕಿಲ್ಲ. ನಾವು ಕಟ್ಟೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆ ಒಂದು ಮಳೆಗೆ ತೊಳೆದುಹೋಗುತ್ತಿತ್ತು. ಅದೇ ಗೆರೆ ಅಲ್ಲಿ ಕಣಶಿಲೆಯಲ್ಲಿ ನಿಂತಿದೆ.

ಹುಲಿಮನೆಯ ಚೆಲುವನ್ನು ಬಗ್ಗಿ ಕೂತೇ ನೋಡಬೇಕು. ಮೇಲೊಂದು ತುದಿ, ಅಲ್ಲಿಂದ ಇಳಿಬಿಟ್ಟ ಗೆರೆಗಳು, ಅವನ್ನು ಅಡ್ಡ ಹಾಯುವ ಸಾಲುಗಳು. ಗೆರೆ ಕೂಡಿದಲ್ಲೆಲ್ಲ ಒಂದೊಂದು ನೆಲೆ, ಒಟ್ಟು 23. ಹುಲಿ 3, ಕುರಿ 15. ಹುಲಿ ಹಾರಿದರೆ ಕುರಿ ಹೋಯಿತು. ಕುರಿಗಳು ಒತ್ತಾಗಿ ನಿಂತರೆ ಹುಲಿಗೆ ಕಾಲಿಡಲು ಜಾಗವಿಲ್ಲ. ಇಷ್ಟು ದೊಡ್ಡ ಜಗಳವನ್ನು ಮೊಳದಗಲದ ಕಲ್ಲಿನಲ್ಲಿ ಹಿಡಿದಿಟ್ಟ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಗೆರೆಗಳು ದಾರ ಹಿಡಿದಂತೆ ನೇರವಾಗಿಲ್ಲ. ಉಳಿ ಜಾರಿದ ಕಡೆ ಸೊಟ್ಟಗಿವೆ. ಆ ಸೊಟ್ಟಿನಲ್ಲೇ ಕೊರೆದವನ ಕೈ ಕಾಣುತ್ತದೆ. ರಾಜಶಿಲ್ಪಿಯ ನುಣುಪಿನಲ್ಲಿ ಅಷ್ಟು ಕಾಣುವುದಿಲ್ಲ. ಅಳಗುಳಿ ಮಣೆಯ ಏಳೇಳು ಗುಳಿಗಳ ಎರಡು ಸಾಲು ಸಿಕ್ಕರಂತೂ ಬೆರಳು ತಾನಾಗಿಯೇ ಒಳಗಿಳಿಯುತ್ತದೆ.

ವಿಜಯನಗರವನ್ನು ವರ್ಷಗಟ್ಟಲೆ ಅಳೆದು ನಕ್ಷೆ ಮಾಡಿದ ಜಾನ್ ಫ್ರಿಟ್ಜ್, ಡೇವಿಡ್ ಗಿಬ್ಸನ್ ಜೊತೆಗೂಡಿ ಈ ಮನೆಗಳ ಮೇಲೆಯೇ ಒಂದು ಅಧ್ಯಯನ ಬರೆದರು. ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸಂರಕ್ಷಿತ ಸ್ಮಾರಕದ ಕಲ್ಲಿಗೆ ಇಂದು ಒಂದು ಗೀರು ಹಾಕಿದರೂ 1958ರ ಪುರಾತತ್ವ ಕಾಯ್ದೆಯಂತೆ ಅಪರಾಧ. ಅಂದಿನವರು ಹಾಕಿದ ಗೀರನ್ನು ಕಾಯುತ್ತಿರುವುದೂ ಅದೇ ಕಾಯ್ದೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಕಾಯುವುದೆಂದರೆ ಆಟ ನಿಲ್ಲಿಸುವುದೆಂದಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ 700ಕ್ಕೂ ಹೆಚ್ಚು ಆಟದ ಅಂಗಳಗಳನ್ನು ರೂಪಿಸಿದ. ಬಹಳಷ್ಟು ಅಳಿದುಹೋದವು. ಉಳಿದ ಲೋಹದ ಕಮಾನುಗಳನ್ನು ಜನ ಪರಂಪರೆಯೆಂದೇ ಜತನ ಮಾಡುತ್ತಾರೆ, ಮಕ್ಕಳು ಅವನ್ನು ಹತ್ತುವುದನ್ನೂ ಬಿಟ್ಟಿಲ್ಲ. ಹಂಪಿಯ ಮನೆಗಳಿಗೂ ನಾನು ಬಯಸುವುದು ಅದನ್ನೇ. ಪಕ್ಕದಲ್ಲೊಂದು ಪುಟ್ಟ ಫಲಕ, ಆಟದ ಹೆಸರು, ಆಡುವ ಬಗೆ. ಶಾಲೆಯ ಮಕ್ಕಳು ಪ್ರವಾಸ ಬಂದಾಗ ಹುಣಸೆಬೀಜ ಹಿಡಿದು ಎದುರುಬದುರು ಕೂರಲಿ. ಹುಣಸೆಬೀಜದಿಂದ ಕಣಶಿಲೆ ಸವೆಯುವುದಿಲ್ಲ.