ಮರಳಿನಲ್ಲಿ ಕೆಟ್ಟು ನಿಂತ ಗಾಡಿ

1934ರ ಡಿಸೆಂಬರಿನಲ್ಲಿ ತೆರೆಸಾ ವಾಲಕ್, ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಹೆಂಗಸರು ಪ್ಯಾಂಥರ್ ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್, ಟ್ರೇಲರ್ ಕಟ್ಟಿಕೊಂಡು ಲಂಡನ್ ಬಿಟ್ಟರು. ಸಹರಾ ದಾಟಿ 1935ರ ಜುಲೈಯಲ್ಲಿ ಕೇಪ್‌ಟೌನ್ ಮುಟ್ಟಿದರು. ವಾಲಕ್ ಬರೆದ 'ದಿ ರಗ್ಗಡ್ ರೋಡ್' ಅಚ್ಚಾದದ್ದು ಆಕೆ ತೀರಿಕೊಂಡ ಮೇಲೆ, 2001ರಲ್ಲಿ.

ಪುಸ್ತಕದ ಜೀವವಿರುವುದು ಗಾಡಿ ಕೆಟ್ಟ ಕಡೆಯೇ. ಮರಳುಗಾಡಿನಲ್ಲಿ ಎಂಜಿನ್ ಕೈಕೊಟ್ಟಿತು. ಗಾಡಿ ಎಳೆಸಿಕೊಂಡು ಅಗಾಡೆಜ್ ಸೇರಿ, ಅಲ್ಲಿ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಿದರು. ಎಂಜಿನಿಯರಿಂಗ್ ಕಲಿತ ವಾಲಕ್‌ಗೆ ಯಂತ್ರದ ಮಾತೆಂದರೆ ಧಾರಾಳ, ಅಂಜಿಕೆ ಅಳುವಿನ ಮಾತು ಕಡಿಮೆ. ಮೊದಲು ಕೊರತೆಯೆನಿಸಿತು. ಆಮೇಲೆ, ಊರಿಗೆ 'ನಾವೆಲ್ಲ ಕ್ಷೇಮ' ಎಂದಷ್ಟೇ ಬರೆಯುತ್ತಿದ್ದ ನಮ್ಮ ಇನ್‌ಲ್ಯಾಂಡ್ ಪತ್ರಗಳು ನೆನಪಾದವು.

ಆದರೂ ಒಂದು ದೂರು: ಜೊತೆಗಾರ್ತಿಯ ಮನಸ್ಸು ನಮಗೆ ಸಿಗುವುದೇ ಇಲ್ಲ. ಅಗಾಡೆಜಿನ ಆ ದಿನಗಳನ್ನು ಬ್ಲೆಂಕಿರನ್ ಬಾಯಿಂದಲೂ ಕೇಳಬೇಕಿತ್ತು.