ಶಾಸನಪರೀಕ್ಷೆಯೂ ಜಾಲವಾರ್ತೆಯೂ

೨೦೧೮ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನರು ನಿರಪರಾಧಿಯೊಬ್ಬನನ್ನು ಹೊಡೆದು ಕೊಂದರು. ಓದಬಲ್ಲವನು ಓದಿದುದನ್ನು ಪರೀಕ್ಷಿಸಲೂ ಬಲ್ಲನೆಂಬ ಭಾವನೆ ಸಾಧುವಲ್ಲ.

ಸಾಹಿತ್ಯಪಾಠವು ಬಹುಮಟ್ಟಿಗೆ ವಾಕ್ಯದ ಅರ್ಥವನ್ನೂ ಸೊಗಸನ್ನೂ ವಿಚಾರಿಸುವುದು. ಹೇಳಿದವರಾರು, ಬೇರೆಡೆ ಸಾಕ್ಷ್ಯವುಂಟೇ ಎಂದು ಕೇಳುವುದು ವಿರಳ. ಇದರಿಂದ ಮಾತಿನ ಗಾಂಭೀರ್ಯವೇ ಸತ್ಯದ ಗುರುತೆಂಬ ಭ್ರಾಂತಿ ಬೆಳೆಯುವುದು. ಶಾಸನವಿದ್ಯೆಯ ಕ್ರಮ ಬೇರೆ. ಶಿವಮೊಗ್ಗ ಜಿಲ್ಲೆಯಲ್ಲಿ ದೊರೆತ, ಪರೀಕ್ಷಿತನ ಮಗನಾದ ಜನಮೇಜಯನವೆನ್ನುವ ತಾಮ್ರಶಾಸನಗಳು ಕೂಟಶಾಸನಗಳೆಂದು ತಿಳಿದುದು, ಅವುಗಳ ಲಿಪಿಯನ್ನೂ ಭಾಷೆಯನ್ನೂ ಕಾಲ ನಿಶ್ಚಿತವಾದ ಶಾಸನಗಳೊಡನೆ ಹೋಲಿಸಿದುದರಿಂದ. ಸ್ಟ್ಯಾನ್‌ಫರ್ಡಿನ ವೈನ್‌ಬರ್ಗ್, ಮೆಗ್ರೂ ಎಂಬವರ ಸಂಶೋಧನೆಯೂ ಇದನ್ನೇ ಸಮರ್ಥಿಸುವುದು: ಜಾಲದ ಪುಟವೊಂದನ್ನೇ ದಿಟ್ಟಿಸಿದ ಇತಿಹಾಸಜ್ಞರಲ್ಲಿ ಹಲವರು ಮೋಸಹೋದರು, ಅದನ್ನು ಬಿಟ್ಟು ಇತರ ಆಧಾರಗಳನ್ನು ಅರಸಿದ ವಾರ್ತಾಪರೀಕ್ಷಕರು ನಿಜವನ್ನು ಕಂಡರು.

ಇಂತಹ ಬೋಧನೆಗೆ ಸಾಮಗ್ರಿಯ ಕೊರತೆಯಿಲ್ಲ. ರೈಸರು ೧೯೦೨ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಚನ್ನಗಿರಿಯ ಶಾಸನಗಳೂ, ಅಂದು ನ್ಯಾಮತಿಯನ್ನೊಳಗೊಂಡಿದ್ದ ಹೊನ್ನಾಳಿಯ ಶಾಸನಗಳೂ ಇವೆ, ಹನ್ನೊಂದನೆಯದರಲ್ಲಿ ಜಗಳೂರಿನವು. ಈ ತಾಲ್ಲೂಕುಗಳ ಉಪಾಧ್ಯಾಯರು ಊರ ಶಾಸನವೊಂದನ್ನೂ ಆ ದಿನದ ಜಾಲವಾರ್ತೆಯೊಂದನ್ನೂ ಒಂದೇ ಪ್ರಶ್ನೆಗಳಿಂದ ಪರೀಕ್ಷಿಸಲು ಕಲಿಸಬಹುದು. ಎಲ್ಲವನ್ನೂ ಸಂಶಯಿಸುವವನು ವಿಮರ್ಶಕನಾಗಲಾರನು. ಸಾಕ್ಷ್ಯ ದೊರೆತಲ್ಲಿ ಒಪ್ಪುವುದನ್ನೂ ಕಲಿಸತಕ್ಕುದು.